ಸತ್ಯಾಂಶ: ಕಪ್ಪು ಹಿಡಿಯ ಲೂಗರ್ ಪಿಸ್ತೂಲು ಎಸ್‌ಎಸ್ ಅಧಿಕಾರಿಗಳಿಗೆಂದೇ ತಯಾರಾದದ್ದೇ?

ಕಪ್ಪು ಹಿಡಿಯ ಲೂಗರ್ ಪಿಸ್ತೂಲುಗಳನ್ನು ನಾಜಿ ಜರ್ಮನಿಯ ಎಸ್‌ಎಸ್ ಪಡೆಯ ಅಧಿಕಾರಿಗಳಿಗಾಗಿಯೇ ತಯಾರಿಸಿ, ಅವಕ್ಕೆ ‘ಬ್ಲ್ಯಾಕ್ ವಿಡೋ’ ಎಂದು ಹೆಸರಿಡಲಾಗಿತ್ತು ಎಂಬ ಸಂದೇಶ ಹಳೆಯ ಆಯುಧಗಳ ಆಸಕ್ತರ ನಡುವೆ ಮತ್ತೆ ಮತ್ತೆ ಹರಿದಾಡುತ್ತದೆ. ಇದು ನಿಜವಲ್ಲ.

ಜರ್ಮನ್ ಸೇನೆಯು 1908ರಲ್ಲಿ ಅಂಗೀಕರಿಸಿದ ಈ ಲೂಗರ್ ಪಿಸ್ತೂಲಿನ (ಸೇನೆಯ ಹೆಸರು ಪಿ.08) ಹಿಡಿಗೆ ಸಾಮಾನ್ಯವಾಗಿ ವಾಲ್‌ನಟ್ ಮರದ ಪಟ್ಟಿಗಳಿರುತ್ತಿದ್ದವು. ಎರಡನೆಯ ಮಹಾಯುದ್ಧದ ನಡುವೆ, 1941 ಮತ್ತು 1942ರಲ್ಲಿ, ಮೌಸರ್ ಕಾರ್ಖಾನೆಯು ತನ್ನ ಕೆಲವು ಪಿಸ್ತೂಲುಗಳಿಗೆ ಮರದ ಬದಲು ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಕಪ್ಪು ಪಟ್ಟಿಗಳನ್ನು ಜೋಡಿಸಿತು. ಅದು ಉತ್ಪಾದನೆಯಲ್ಲಾದ ಬದಲಾವಣೆಯೇ ಹೊರತು ಯಾವುದೋ ಒಂದು ಪಡೆಗೆ ಸಂದ ಗೌರವವಲ್ಲ. ‘ಬ್ಲ್ಯಾಕ್ ವಿಡೋ’ ಎಂಬ ಹೆಸರಂತೂ ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ ಅಮೆರಿಕದ ಸಂಗ್ರಾಹಕರ ಮಾರುಕಟ್ಟೆಯಲ್ಲಿ ಬಳಕೆಗೆ ಬಂದದ್ದು.

ಈ ಕಥೆಯನ್ನು ಹಂಚುವವರು ಬಹುತೇಕ ಒಳ್ಳೆಯ ನಂಬಿಕೆಯಿಂದಲೇ ಹಂಚುತ್ತಾರೆ. ಆದರೆ ಅದರ ಬಲದ ಮೇಲೆ ಬೆಲೆ ಏರುವುದರಿಂದ ಪರಿಶೀಲನೆ ಅಗತ್ಯ. ಮೊದಲು ಪಿಸ್ತೂಲಿನ ಮೇಲಿರುವ ಗುರುತುಗಳನ್ನು ನೋಡಬೇಕು: ಮೇಲ್ಭಾಗದ ಮಡಿಚುವ ಕೀಲಿನ ಮೇಲೆ ಮೌಸರ್‌ನ ಯುದ್ಧಕಾಲದ ಸಂಕೇತವಾದ ‘ಬಿವೈಎಫ್’ ಅಕ್ಷರಗಳೂ, ಗುಂಡಿನ ಕೋಣೆಯ ಮೇಲೆ 41 ಅಥವಾ 42 ಎಂಬ ವರ್ಷಸೂಚಕವೂ ಇರಬೇಕು. ಚೌಕಟ್ಟಿನ ಸರಣಿ ಸಂಖ್ಯೆಯ ಕೊನೆಯ ಎರಡು ಅಂಕಿಗಳು ಸಣ್ಣ ಬಿಡಿಭಾಗಗಳ ಮೇಲೂ ಹೊಂದುತ್ತವೆಯೇ ಎಂಬುದನ್ನು ಗಮನಿಸಬೇಕು. ಹಿಡಿಪಟ್ಟಿಗಳು ಒಂದೊಂದು ತಿರುಪಿನಲ್ಲಿ ನಿಂತಿರುವುದರಿಂದ ಯಾವ ಲೂಗರ್‌ಗಾದರೂ ಹೊಸ ಕಪ್ಪು ಪಟ್ಟಿಗಳನ್ನು ಸುಲಭವಾಗಿ ಹಾಕಬಹುದು. ಆದ್ದರಿಂದ ಬಣ್ಣವೊಂದೇ ಸಾಕ್ಷಿಯಾಗದು. ಎಸ್‌ಎಸ್ ನಂಟಿದೆ ಎನ್ನುವವರಿಂದ ಆ ನಿರ್ದಿಷ್ಟ ಸಂಖ್ಯೆಯ ಪಿಸ್ತೂಲಿಗೆ ಸಂಬಂಧಿಸಿದ ಕಾಲೀನ ದಾಖಲೆಯನ್ನೇ ಕೇಳಬೇಕು.