ಖಾಲಿ ತೂಕ

ನಮ್ಮ ತುಂಗಾಳನ್ನು ಮೊದಲ ಸಲ ತೂಕ ಮಾಡಿಸಿದ್ದು ಮೆಕ್ಕೆಜೋಳದ ಲಾರಿಗಳ ಸಾಲಿನಲ್ಲಿ ನಿಂತು. ದಾವಣಗೆರೆಯಲ್ಲಿ ಕುದುರೆ ತೂಗುವ ಬೇರೆ ಜಾಗ ನನಗೆ ಗೊತ್ತಿರಲಿಲ್ಲ. ಮುಂದೆ ಒಂದು ಟ್ರ್ಯಾಕ್ಟರ್, ಹಿಂದೆ ಒಂದು ದೊಡ್ಡ ಲಾರಿ, ಮಧ್ಯೆ ಹಗ್ಗ ಹಿಡಿದುಕೊಂಡು ನಾನು. ವೇಬ್ರಿಡ್ಜಿನ ಹುಡುಗ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಗಾಡಿ ನಂಬರ್?" ಅಂದ.

"ನಂಬರ್ ಇಲ್ಲಪ್ಪ, ಕುದುರೆ."

"ಮಾಲು ಕುದುರೆ. ಆಯ್ತು. ಗಾಡಿ ನಂಬರ್ ಹೇಳ್ರಿ ಅಣ್ಣಾ."

ಆಮೇಲೆ ತಲೆ ಎತ್ತಿ ನೋಡಿದ. ನೋಡಿದರೂ ಅವನ ಕಂಪ್ಯೂಟರ್ ಒಪ್ಪಬೇಕಲ್ಲ. ನಂಬರ್ ಹಾಕದೆ ಅದು ಮುಂದಕ್ಕೆ ಹೋಗುವುದಿಲ್ಲವಂತೆ. ಕೊನೆಗೆ ನನ್ನ ಬೈಕಿನ ನಂಬರ್ ಕೊಟ್ಟೆ. ಅಷ್ಟರಲ್ಲಿ ಹಿಂದಿನ ಲಾರಿಯವನು ಹಾರ್ನ್ ಹೊಡೆದ. ತುಂಗಾ ಬೆಚ್ಚಿ ತೂಕದ ಕಟ್ಟೆಯ ಮೇಲೇ ಲದ್ದಿ ಹಾಕಿದಳು. "ಈಗ ಸ್ವಲ್ಪ ಕಮ್ಮಿ ಆಗಿರ್ಬೇಕಲ್ವಾ?" ಅಂತ ಲಾರಿಯ ಕ್ಲೀನರ್ ಕೇಳಿದ. ಆಗಿರಲಿಲ್ಲ. ಲದ್ದಿಯೂ ಕಟ್ಟೆಯ ಮೇಲೇ ಇತ್ತಲ್ಲ.

ಪರದೆಯ ಮೇಲೆ 530 ಅಂತ ಬಂತು. ಅದರಲ್ಲಿ ನಾನೂ ಇದ್ದೆ. ನಾನು ಇಳಿದರೆ ಅವಳೂ ಇಳಿಯುತ್ತಾಳೆ. ಹಾಗಾಗಿ ಹಗ್ಗ ಕ್ಲೀನರ್ ಕೈಗೆ ಕೊಟ್ಟು, ನಾನೊಬ್ಬನೇ ಕಟ್ಟೆ ಹತ್ತಿ ನಡುವೆ ನಿಂತೆ. 80. ಮನೆಯ ತೂಕದ ಯಂತ್ರದಲ್ಲಿ ನಾನು 78. ಆದರೆ ಟನ್ನುಗಟ್ಟಲೆ ತೂಗುವ ಈ ಕಟ್ಟೆ ಹತ್ತು ಹತ್ತು ಕೆಜಿಯಾಗಿ ಮಾತ್ರ ಲೆಕ್ಕ ಹೇಳುತ್ತದೆ, ಚಿಲ್ಲರೆ ವ್ಯವಹಾರ ಇಲ್ಲ. ಅಂತೂ ತುಂಗಾ 450 ಕೆಜಿ.

"ಖಾಲಿ ತೂಕ ಯಾವಾಗ ಮಾಡಿಸ್ತೀರಿ?" ಅಂತ ಹುಡುಗ ಕೇಳಿದ. ಲೋಡ್ ಇಳಿಸಿ ಬಂದ ಮೇಲೆ ಇನ್ನೊಂದು ಸಲ ತೂಗಿದರೆ ತಾನೇ ಮಾಲಿನ ತೂಕ ಗೊತ್ತಾಗೋದು?

"ಮೂರ್ನಾಲ್ಕು ತಿಂಗಳು ಬಿಟ್ಟು," ಅಂದೆ.

ಅವನು ನನ್ನನ್ನೊಮ್ಮೆ, ಕುದುರೆಯನ್ನೊಮ್ಮೆ ನೋಡಿ, ಚೀಟಿ ಹರಿದು ಕೊಟ್ಟ.

ತುಂಗಾ ನಮ್ಮ ಮನೆಗೆ ಬಂದಿದ್ದು ಸೋದರಮಾವನಿಂದ. ಅವರು ಹರಿಹರದ ಕಡೆ ಮಾರವಾಡಿ ತಳಿಯ ಕುದುರೆ ಸಾಕಿ ಮರಿ ಮಾಡಿಸುತ್ತಿದ್ದರು. ಮೊಣಕಾಲು ಸೋತು ಬೆಂಗಳೂರಿಗೆ ಮಗನ ಮನೆಗೆ ಹೊರಟಾಗ ಉಳಿದ ಕುದುರೆಗಳೆಲ್ಲ ಮಾರಿಹೋದವು. ಇವಳೊಬ್ಬಳು ಉಳಿದಳು. 14 ವರ್ಷ ವಯಸ್ಸು, ಐದು ಮರಿ ಹಾಕಿದ ಮೈ. ಇನ್ನು ಮರಿ ಬೇಡ ಅಂತ ಮಾವ ಎರಡು ವರ್ಷದ ಹಿಂದೆಯೇ ನಿಲ್ಲಿಸಿದ್ದರು. ಬಿಳಿ ಬಣ್ಣ. ಈ ತಳಿಯ ಕಿವಿ ಒಳಗೆ ಬಾಗಿ ತುದಿಗಳು ಒಂದಕ್ಕೊಂದು ತಾಗುತ್ತವೆ. ಎದುರಿನಿಂದ ನೋಡಿದರೆ ಯಾರೋ ತಲೆಯ ಮೇಲೆ ಕೈಮುಗಿದಂತೆ ಕಾಣುತ್ತದೆ. ಪಕ್ಕದಿಂದ ನೋಡಿದರೆ ಮಾತ್ರ ಹೊಟ್ಟೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ನಮ್ಮ ತೋಟ ಭದ್ರಾ ಕಾಲುವೆ ಪಕ್ಕ. ದಿನಾ ಬೆಳಿಗ್ಗೆ ಕಾಲುವೆ ಏರಿಯ ಮೇಲೆ ಕುದುರೆ ಸವಾರಿ ಮಾಡಬೇಕು ಅನ್ನೋದು ನನ್ನ ಕನಸು. ಮಾವ ಜೊತೆಗೇ ಕಳಿಸಿದ್ದ ಹಳೆಯ ಜೀನನ್ನು ಬೆನ್ನಿಗೆ ಹಾಕಿ ಪಟ್ಟಿ ಬಿಗಿಯಲು ಹೋದೆ. ಪಟ್ಟಿಯ ತುದಿಗೂ ಬಕಲಿಗೂ ನಡುವೆ ನಾಲ್ಕು ಬೆರಳು ಜಾಗ ಉಳಿಯಿತು. ಅವಳು ತಿರುಗಿ ನನ್ನನ್ನು ನೋಡಿದ ರೀತಿ, ಮದುವೆಯ ರವಿಕೆ ಈಗ ಹಾಕ್ಕೋ ಅಂದವನನ್ನು ಹೆಂಗಸರು ನೋಡುತ್ತಾರಲ್ಲ, ಹಾಗಿತ್ತು.

ಡಾಕ್ಟ್ರು ಬಂದರು. ಅವರು ಹೊಟ್ಟೆಯ ಕಡೆ ನೋಡಲೇ ಇಲ್ಲ. ಕುತ್ತಿಗೆಯ ಮೇಲ್ಭಾಗ ಹಿಡಿದು ಅಲ್ಲಾಡಿಸಿದರು, ಭುಜದ ಹಿಂದೆ ಒತ್ತಿದರು, ಬಾಲದ ಬುಡ ಮುಟ್ಟಿದರು, ಕೊನೆಗೆ ಪಕ್ಕೆಯ ಮೇಲೆ ಬೆರಳು ಆಡಿಸಿದರು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಆದರೆ ಕೈಗೆ ಸಿಗಬೇಕಂತೆ. ಇವಳದು ಕೈಗೂ ಸಿಗಲಿಲ್ಲ. ಜೋತುಬಿದ್ದ ಹೊಟ್ಟೆಯೇ ಬೇರೆ, ಕೊಬ್ಬೇ ಬೇರೆ ಅಂದರು. ಒಂದೊಂದು ಬಸಿರೂ ಹನ್ನೊಂದು ತಿಂಗಳು. ಹಾಗೆ ಐದು ಸಲ ಹೊತ್ತಾಗ ಹೊಟ್ಟೆಯ ಸ್ನಾಯು ಹಿಗ್ಗಿ ಸಡಿಲವಾಗಿರುತ್ತದೆ, ಅದಕ್ಕೆ ವ್ಯಾಯಾಮ. ಕೊಬ್ಬಿಗೆ ಪಥ್ಯ. ಮರಿಗೆ ಹಾಲೂಡುವಾಗ ಕೊಡುತ್ತಿದ್ದ ಮೇವನ್ನೇ ಆಮೇಲೂ ಮುಂದುವರಿಸಿದ್ದರಿಂದ ಹೀಗಾಗಿದೆ ಅಂದರು.

ಕುದುರೆಯ ಮೈಕಟ್ಟಿಗೆ 1ರಿಂದ 9ರವರೆಗೆ ಅಂಕ ಕೊಡುವ ಪದ್ಧತಿಯೊಂದಿದೆ. ಅಮೆರಿಕದ ಹೆನ್ನೆಕೆ ಎಂಬುವರು 1983ರಲ್ಲಿ ರೂಪಿಸಿದ್ದು. 1 ಅಂದರೆ ಬರೀ ಎಲುಬು, 9 ಅಂದರೆ ವಿಪರೀತ ಕೊಬ್ಬು, ನಡುವಿನ 5 ಚೆನ್ನ. ಡಾಕ್ಟ್ರು ತುಂಗಾಗೆ 8 ಕೊಟ್ಟರು.

"ಒಂಬತ್ತಕ್ಕೆ ಎಂಟು!" ಅಂದಳು ಅವ್ವ. "ನೀನು ಯಾವ ಪರೀಕ್ಷೇಲಿ ತಗೊಂಡಿದ್ದೆ ಅಷ್ಟು?"

ಇಲ್ಲಿ ಅವ್ವನ ಬಗ್ಗೆ ಹೇಳಲೇಬೇಕು. ತುಂಗಾಳನ್ನು 'ಅದು' ಅಂದವರನ್ನು ಅವ್ವ ಸುಮ್ನೆ ಬಿಡುವುದಿಲ್ಲ, ಅದಕ್ಕೇ ನಾನೂ ಇಲ್ಲಿ 'ಅವಳು' ಅಂತಲೇ ಬರೆಯುತ್ತಿದ್ದೇನೆ. ನಮ್ಮ ಬೀದಿಯಲ್ಲಿ ಯಾರಿಗೆ ಹೆರಿಗೆಯಾದರೂ ಅಂಟಿನುಂಡೆ ಕಟ್ಟಿಕೊಂಡು ಮೊದಲು ಹೋಗುವವಳು ನಮ್ಮವ್ವ. ಐದು ಹಡೆದವಳು ಮನೆ ಬಾಗಿಲಿಗೇ ಬಂದಿರುವಾಗ, ಅವಳಿಗೆ ಊಟ ಕಮ್ಮಿ ಮಾಡಿ ಅಂದರೆ? "ಹಡೆದವಳ ಹೊಟ್ಟೆ ನೋಡಿ ಆಡ್ಕೋಬಾರ್ದು ಕಣೋ. ನನಗೂ ಇತ್ತು. ನೀನು ಹುಟ್ಟಿದ ಮೇಲೇ ಬಂದಿದ್ದು."

ಪಥ್ಯವೇನೋ ಸರಳ. ಹುರುಳಿ, ಕಡಲೆ, ಬೂಸಾ ಎಲ್ಲ ನಿಧಾನವಾಗಿ ಬಂದ್. ಒಣಹುಲ್ಲು ದಿನಕ್ಕೆ ದೇಹದ ತೂಕದ ನೂರಕ್ಕೆ ಒಂದೂವರೆ ಪಾಲು, ಅಂದರೆ 6 ಕೆಜಿ 750 ಗ್ರಾಂ. ಜೊತೆಗೆ ಉಪ್ಪು, ಖನಿಜದ ಪುಡಿ. ಪೂರ್ತಿ ಉಪವಾಸ ಮಾತ್ರ ಕೆಡವಬೇಡಿ ಅಂತ ಡಾಕ್ಟ್ರು ಎರಡು ಸಲ ಹೇಳಿದರು. ಕೊಬ್ಬಿದ ಕುದುರೆ ಒಮ್ಮೆಲೇ ಹಸಿದರೆ ಮೈಯ ಕೊಬ್ಬೆಲ್ಲ ರಕ್ತಕ್ಕೆ ಇಳಿದು ಲಿವರ್ ಕೆಡುವ ಅಪಾಯ ಇದೆಯಂತೆ. ಅವ್ವ ಆ ಮಾತಿನ ಮೊದಲ ಭಾಗವನ್ನು ಮಾತ್ರ ಕೇಳಿಸಿಕೊಂಡಳು.

ಇಷ್ಟು ಕಮ್ಮಿ ಹುಲ್ಲನ್ನು ಇಡೀ ದಿನ ತಿನ್ನುವಂತೆ ಮಾಡಬೇಕು. ಊರಿನ ಹುಡುಗರ ಹಳೆಯ ವಾಲಿಬಾಲ್ ನೆಟ್ ತಂದು, ಎರಡು ಮಡಿಕೆ ಮಾಡಿ ಚೀಲದಂತೆ ಹೊಲಿದು, ಹುಲ್ಲು ತುಂಬಿ ನೇತುಹಾಕಿದೆ. ಸಣ್ಣ ಕಣ್ಣಿನಿಂದ ಒಂದೊಂದೇ ಎಳೆ ಎಳೆದು ತಿನ್ನಲಿ ಅಂತ. ಎರಡು ದಿನ ಎಳೆದಳು. ಮೂರನೆಯ ದಿನ ಗಂಟನ್ನೇ ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

ಒಂದು ತಿಂಗಳಾಯಿತು. ಜೀನಿನ ಪಟ್ಟಿಯ ನಾಲ್ಕು ಬೆರಳು ಜಾಗ ಹಾಗೇ ಇತ್ತು. ಮನೆಯಲ್ಲಿ ಅಳತೆ ನೋಡೋಣ ಅಂತ ಅವ್ವನ ಹೊಲಿಗೆ ಟೇಪು ತಂದರೆ ಅದು 150 ಸೆಂಟಿಮೀಟರಿಗೇ ಮುಗಿಯಿತು. ಆಮೇಲೆ ಹಗ್ಗ ಸುತ್ತಿ, ಹಗ್ಗವನ್ನು ಅಳೆದೆ. ಎದೆಯ ಸುತ್ತಳತೆ 184, ಎದೆಯಿಂದ ಹಿಂಭಾಗದವರೆಗೆ ಉದ್ದ 158. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11877ರಿಂದ ಭಾಗಿಸಿದರೆ ಕೆಜಿ ಸಿಗುತ್ತದೆ. ಸಿಕ್ಕಿತು. 450. ಒಂದು ಕೆಜಿಯೂ ಇಳಿದಿರಲಿಲ್ಲ.

ಕಾರಣ ಮರುದಿನ ಬೆಳಿಗ್ಗೆ ಗೊತ್ತಾಯಿತು. ಕುದುರೆಯ ಮೂತಿಯ ಮೇಲೆ ಮೀಸೆಯಂಥ ಒರಟು ಕೂದಲಿರುತ್ತದೆ. ಅದರಲ್ಲೊಂದಕ್ಕೆ ಒಂದು ಮಂಡಕ್ಕಿ ಕಾಳು ಅಂಟಿಕೊಂಡು, ಅವಳು ಉಸಿರು ಬಿಟ್ಟಾಗಲೆಲ್ಲ ಅಲುಗುತ್ತಿತ್ತು. ಬಿಳಿ ಮಂಡಕ್ಕಿಯಾಗಿದ್ದರೆ ಯಾರ ಮೇಲೂ ಅನುಮಾನ ಪಡುತ್ತಿರಲಿಲ್ಲ. ಇದು ದಾವಣಗೆರೆ, ಮಂಡಕ್ಕಿ ಗಾಳಿಯಲ್ಲೇ ಹಾರಾಡುತ್ತದೆ. ಆದರೆ ಈ ಕಾಳು ಹಳದಿ. ಅರಿಶಿನ ಹಾಕಿದ್ದು. ಒಗ್ಗರಣೆ ಮಂಡಕ್ಕಿ.

"ಖಾರ ಹಾಕಿರ್ಲಿಲ್ಲ," ಅಂದಳು ಅವ್ವ. "ಅವಳಿಗೆ ಬೇರೆ ತೆಗೆದಿಟ್ಟಿದ್ದೆ."

ಅವತ್ತು ಜಗಳ ಆಯಿತು. ಅವ್ವ ಸೋತಳು, ಅಂದರೆ ಸೋತಂತೆ ಮಾಡಿದಳು. ಕುದುರೆಗೆ ಅಂತ ತಂದಿಟ್ಟಿದ್ದ ಅರ್ಧ ಚೀಲ ಹುರುಳಿ ಈಗ ಯಾರು ತಿನ್ನಬೇಕು? ಬೆಳಿಗ್ಗೆ ಹುರುಳಿ ಉಸಲಿ, ಮಧ್ಯಾಹ್ನ ಹುರುಳಿ ಕಟ್ಟಿನ ಸಾರು, ರಾತ್ರಿ ಮತ್ತೆ ಅದೇ. ಅವ್ವನ ಕೈಯಿಂದ ಯಾರ ಬಾಯಿಗಾದರೂ ಏನಾದರೂ ಹೋಗುತ್ತಲೇ ಇರಬೇಕು. ತುಂಗಾಳ ಬಾಯಿ ಮುಚ್ಚಿಸಿದ್ದಕ್ಕೆ ನನ್ನದು ತೆರೆಯಬೇಕಾಯಿತು.

ವ್ಯಾಯಾಮದಲ್ಲಿ ಮೊದಲ ವಾರಗಳು ಬರೀ ನಡಿಗೆ. ಬೆಳಿಗ್ಗೆ ಇಪ್ಪತ್ತು ನಿಮಿಷ, ಆಮೇಲೆ ಮುಕ್ಕಾಲು ಗಂಟೆ. ನಂತರ ಉದ್ದದ ಹಗ್ಗದಲ್ಲಿ ನನ್ನ ಸುತ್ತ ಓಡಿಸುವುದು. ಕಣದಲ್ಲಿ ಮೇಟಿಯ ಸುತ್ತ ಎತ್ತು ತುಳಿಸುವುದು ನೋಡಿದ್ದೇನೆ, ಇಲ್ಲಿ ನಾನೇ ಮೇಟಿ. ಮೇಟಿಗೆ ತಲೆ ಸುತ್ತುವುದಿಲ್ಲ ಅನ್ನೋದೊಂದೇ ವ್ಯತ್ಯಾಸ. ನೆಲದ ಮೇಲೆ ಬಿದಿರಿನ ಗಳ ಸಾಲಾಗಿ ಹಾಕಿ ದಾಟಿಸಬೇಕು, ಕಾಲೆತ್ತಿ ಇಟ್ಟಷ್ಟೂ ಹೊಟ್ಟೆಯ ಸ್ನಾಯು ಬಿಗಿಯುತ್ತದೆ. ತುಂಗಾ ಗಳಗಳನ್ನು ದಾಟಲಿಲ್ಲ. ಪಕ್ಕದಿಂದ ಹೋದಳು. ಎರಡೂ ಪಕ್ಕ ಕಲ್ಲು ಇಟ್ಟ ಮೇಲೆ ದಾಟಿದಳು.

ನಡಿಗೆಯಲ್ಲೂ ಅಪಾಯವಿತ್ತು. ಕೊಯ್ಲಿನ ಕಾಲ. ನಮ್ಮ ಕಡೆ ಅರ್ಧ ರಸ್ತೆಯ ಮೇಲೆ ಮೆಕ್ಕೆಜೋಳ ಒಣಗಲು ಹರಡಿರುತ್ತಾರೆ. ಪಥ್ಯದಲ್ಲಿರುವ ಕುದುರೆಯನ್ನು ಆ ದಾರಿಯಲ್ಲಿ ಕರೆದೊಯ್ದ ಬುದ್ಧಿವಂತ ನಾನೇ. ತಲೆ ಬಗ್ಗಿಸಿದವಳು ಎತ್ತಲೇ ಇಲ್ಲ. ನಾನು ಎಳೆದೆ, ಜೋಳದವನು ಬೈದ, ಅಷ್ಟರಲ್ಲಿ ಒಂದೈದಾರು ಬಾಯಿ ಒಳಗೆ ಹೋಗಿತ್ತು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಹೋದಂತೆಯೇ. ಜಾಸ್ತಿ ಕಾಳು ತಿಂದರೆ ಹೊಟ್ಟೆನೋವು ಬರಬಹುದು, ಗೊರಸಿನೊಳಗೆ ಉರಿ ಹತ್ತಿ ಕುಂಟಬಹುದು. ರಾತ್ರಿಯೆಲ್ಲ ಟಾರ್ಚ್ ಹಿಡಿದು ಗೊರಸು ಬಿಸಿಯಾಗಿದೆಯಾ ಅಂತ ಮುಟ್ಟಿ ಮುಟ್ಟಿ ನೋಡಿದೆ, ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸಿದೆ. ನಿಮಿಷಕ್ಕೆ 40. ಸುಮ್ಮನೆ ನಿಂತ ಕುದುರೆಗೆ 28ರಿಂದ 44 ಸಹಜ. ನನ್ನ ನಾಡಿ ಎಷ್ಟಿತ್ತೋ ಎಣಿಸಲಿಲ್ಲ. ಬೆಳಗಾಗುವಾಗ ಅವಳು ಸೊಗಸಾಗಿ ನಿಂತೇ ನಿದ್ದೆ ಮಾಡುತ್ತಿದ್ದಳು. ಅವತ್ತಿನಿಂದ ಎತ್ತಿನ ಬಾಯಿಗೆ ಹಾಕುವ ಕುಕ್ಕೆ ಅವಳ ಬಾಯಿಗೂ ಬಂತು. ಕುಕ್ಕೆ ನೋಡಿದ ದಿನ ಅವ್ವ ನನ್ನ ಜೊತೆ ಮಾತಾಡಲಿಲ್ಲ.

ಮರುದಿನ ಮಾತಾಡಿದಳು. "ಬಾಣಂತಿ ಹೊಟ್ಟೆ ಇಳಿಯೋದು ಬಾಯಿ ಕಟ್ಟಿದ್ರಲ್ಲ, ಹೊಟ್ಟೆ ಕಟ್ಟಿದ್ರೆ."

ಹೆರಿಗೆಯಾದವರಿಗೆ ಹೊಟ್ಟೆಗೆ ಬಟ್ಟೆ ಸುತ್ತಿ ಬಿಗಿಯುತ್ತಾರಲ್ಲ, ಅದು. ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಅವ್ವ ತನ್ನ ಹಳೆಯ ನೇರಳೆ ಹತ್ತಿ ಸೀರೆಯನ್ನು ತುಂಗಾಳ ಹೊಟ್ಟೆಗೆ ಸುತ್ತಿ ಬೆನ್ನ ಮೇಲೆ ಗಂಟು ಹಾಕಿದ್ದಳು. ತುಂಗಾ ಕಣ್ಣು ಅರ್ಧ ಮುಚ್ಚಿ, ಕೆಳತುಟಿ ಜೋಲು ಬಿಟ್ಟು ನಿಂತಿದ್ದಳು. ಹೀಗೆ ಯಾರಾದರೂ ನೋಡಿಕೊಂಡು ಎಷ್ಟು ವರ್ಷವಾಯ್ತೋ ಅನ್ನುವ ಹಾಗೆ. ಬಿಚ್ಚು ಅನ್ನಲು ನನಗೂ ಮನಸ್ಸಾಗಲಿಲ್ಲ. ಹಾಗೇ ವಾಕಿಂಗಿಗೆ ಕರೆದುಕೊಂಡು ಹೋದೆ.

ಏರಿಯ ಮೇಲೆ ಗಾಳಿ. ಅರ್ಧ ಮೈಲಿ ಹೋಗುವಷ್ಟರಲ್ಲಿ ಗಂಟು ಸಡಿಲಾಗಿ ಸೆರಗು ಹಾರಿ ಅವಳ ಹಿಂಗಾಲಿಗೆ ಸವರಿತು. ಮುಗಿಯಿತು. ನನ್ನ ಕೈಯಲ್ಲಿದ್ದ ಹಗ್ಗ ಹೋಯಿತು, ಅಂಗೈ ಚರ್ಮ ಸ್ವಲ್ಪ ಜೊತೆಗೆ ಹೋಯಿತು. ಬಿಳಿ ಕುದುರೆ, ಹಿಂದೆ ಎರಡು ಮೂರು ಗಜ ನೇರಳೆ ಸೀರೆ, ಅದರ ಹಿಂದೆ ಒಂಟಿ ಚಪ್ಪಲಿಯಲ್ಲಿ ನಾನು. ಬಟ್ಟೆ ಒಗೆಯುತ್ತಿದ್ದವರು ಎದ್ದು ನಿಂತರು. ಒಬ್ಬ ಅಜ್ಜ ಸೈಕಲ್ ನಿಲ್ಲಿಸಿ, "ಯಾರ್ದಪ್ಪಾ ಮದುವಿ?" ಅಂತ ಕೇಳಿದ. ಸೀರೆ ಕಾಲಿಗೆ ಸಿಕ್ಕಿ ಎಲ್ಲಿ ಬೀಳುತ್ತಾಳೋ ಅಂತ ನನಗೆ ಜೀವ ಬಾಯಿಗೆ ಬಂದಿತ್ತು. ಬೀಳಲಿಲ್ಲ. ಎರಡು ಕಿಲೋಮೀಟರ್ ಆಚೆ ಸಿಕ್ಕಳು, ಯಾರದೋ ಬಣವೆ ಪಕ್ಕ. ಸೊಂಟದಲ್ಲಿ ಸೀರೆ, ಕುಕ್ಕೆ ಕಿತ್ತುಹೋದ ಬಾಯಿ ತುಂಬ ಹುಲ್ಲು. ಪಕ್ಕೆ ಮುಟ್ಟಿದರೆ ಬೆವರು, ಬೆವರಿನ ಕೆಳಗೆ ಮೊದಲ ಸಲ ಒಂದು ಎಲುಬು ಸಿಕ್ಕಿತು.

ಡಾಕ್ಟ್ರಿಗೆ ಫೋನ್ ಮಾಡಿ ಅವ್ವನ ಮೇಲೆ ದೂರು ಹೇಳಿದೆ. ಅವರು ನಕ್ಕರು. ಆಮೇಲೆ, "ಸೀರೆ ಬೇಡ, ಆದ್ರೆ ಹೊರದೇಶದಲ್ಲಿ ಕುದುರೆ ಹೊಟ್ಟೆಗೆ, ತೊಡೆಯ ಹಿಂದೆ ಎಲಾಸ್ಟಿಕ್ ಪಟ್ಟಿ ಹಾಕಿ ನಡೆಸ್ತಾರೆ ಕಣ್ರೀ, ಸ್ನಾಯು ಗಟ್ಟಿಯಾಗ್ಲಿ ಅಂತ," ಅಂದುಬಿಟ್ಟರು. ಫೋನ್ ಸ್ಪೀಕರಿನಲ್ಲಿತ್ತು. ಈ ತಪ್ಪನ್ನು ನಾನು ಈಗಲೂ ಅನುಭವಿಸುತ್ತಿದ್ದೇನೆ. ಮನೆಗೆ ಬಂದ ನೆಂಟರಿಗೆಲ್ಲ ಅವ್ವ ಕಾಫಿಗಿಂತ ಮೊದಲು ಈ ವಿಷಯ ಕೊಡುತ್ತಾಳೆ.

ಅದೇನೋ, ಆಮೇಲೆ ಇಳಿಯತೊಡಗಿದಳು. ಪಟ್ಟಿ ಬಕಲಿಗೆ ತಾಗಿತು. ಮೊದಲ ತೂತು. ಎರಡನೆಯದು. ಹೊಟ್ಟೆ ಪೂರ್ತಿ ಮೇಲೆ ಬರಲಿಲ್ಲ, ಬರುವುದೂ ಇಲ್ಲವಂತೆ. ಹಗ್ಗದ ಅಳತೆ 178ಕ್ಕೆ ಬಂದ ದಿನ ಮತ್ತೆ ವೇಬ್ರಿಡ್ಜಿಗೆ ಹೊರಟೆವು. ಅವ್ವನೂ ಬಂದಳು.

ಅದೇ ಹುಡುಗ. ಹಳೆಯ ಚೀಟಿ ಕೊಟ್ಟೆ. ತುಂಗಾ, ನಾನು ಕಟ್ಟೆಯ ಮೇಲೆ ನಿಂತೆವು. 500. ಈ ಸಲ ನಾನೊಬ್ಬನೇ ನಿಂತು ತೂಗಿಸಲು ಹೋಗಲಿಲ್ಲ. ಹುರುಳಿಯ ದಯದಿಂದ ಮನೆಯ ಯಂತ್ರ 81 ತೋರಿಸುತ್ತಿತ್ತು. ಪುಣ್ಯಕ್ಕೆ ಆ ಕಟ್ಟೆಗೆ ಚಿಲ್ಲರೆ ಲೆಕ್ಕ ಬರುವುದಿಲ್ಲ.

ಪ್ರಿಂಟರ್ ಕಿರುಗುಟ್ಟಿತು. ಗಾಡಿ: ನನ್ನ ಬೈಕು. ಮಾಲು: ಕುದುರೆ. ಲೋಡ್ ತೂಕ 530, ಖಾಲಿ ತೂಕ 500, ಮಾಲಿನ ತೂಕ 30 ಕೆಜಿ. ಹುಡುಗ ಚೀಟಿಯನ್ನು ಎರಡು ಸಲ ಓದಿದ. ಕಿಟಕಿಯಿಂದ ಕತ್ತು ಹೊರಗೆ ಹಾಕಿ ತುಂಗಾಳನ್ನು ಮೇಲಿನಿಂದ ಕೆಳಗೆ ನೋಡಿದ.

"ಅಣ್ಣಾ, 30 ಕೆಜಿ ಕುದುರೆ ಎಲ್ಲಿ ಇಳಿಸಿದ್ರಿ?"

"ಕಾಲುವೆ ಏರಿ ಮೇಲೆ," ಅಂದಳು ಅವ್ವ, ಸೆರಗಿನ ಗಂಟಿನಿಂದ ಒಂದು ಚೂರು ಬೆಲ್ಲ ತೆಗೆಯುತ್ತಾ. "ಸೀರೆ ಸಮೇತ."