ನೇರಳೆ ಅಂದ್ರಿ, ಯಾವುದು?

ಶರತ್ಕಾಲ ಬಂತೆಂದರೆ ನನ್ನೊಳಗಿನ ಫೋಟೋಗ್ರಾಫರ್‌ಗೆ ಎಚ್ಚರವಾಗುತ್ತದೆ. ಉಳಿದ ತಿಂಗಳು ಅವನಿಗೂ ಅವನ ಕ್ಯಾಮೆರಾಗೂ ಬೀರುವೇ ಗತಿ.

ಈ ಸಲ ಕಣ್ಣು ಬಿದ್ದದ್ದು ದಾರಿ ಪಕ್ಕದ ಕಾಡು ಆಸ್ಟರ್ ಮೇಲೆ. ಸೇವಂತಿಗೆಯ ದೂರದ ನೆಂಟ. ತೆಳು ನೇರಳೆ ಎಸಳು, ನಡುವೆ ಹಳದಿ ಬೊಟ್ಟು. ಕ್ಲಿಕ್ ಮಾಡಿದೆ. ಪರದೆ ಮೇಲೆ ಬಂದದ್ದು ನೀಲಿ. ಬೆಳಕಿಗೆ ತಕ್ಕಂತೆ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಬದಲಿಸಿದೆ, ಗುಲಾಬಿ ಆಯಿತು. ಇನ್ನೊಮ್ಮೆ ತಿರುಗಿಸಿದೆ, ಬೂದಿ. ಕ್ಯಾಮೆರಾಗೆ ಗೊತ್ತಿರುವುದೇ ಕೆಂಪು, ಹಸಿರು, ನೀಲಿ. ನೇರಳೆಯನ್ನು ಅದು ಕೆಂಪು, ನೀಲಿ ಕಲಸಿ ಹೇಗೋ ಹೊಂದಿಸಬೇಕು. ಪಾಪ ಅನ್ನಿಸಿತು.

ಹೂಗಳೂ ಏನು ಕಡಿಮೆಯಲ್ಲ ಬಿಡಿ. ಮಾರ್ನಿಂಗ್ ಗ್ಲೋರಿಯ ಒಂದು ತಳಿ ಮೊಗ್ಗಿನಲ್ಲಿ ಕೆಂಪು ಬೆರೆತ ನೇರಳೆ, ಅರಳಿದರೆ ನೀಲಿ. ಎಸಳಿನೊಳಗಿನ ರಸದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 6.6ರಿಂದ 7.7ಕ್ಕೆ ಏರುತ್ತದಂತೆ. ಹೂವೇ ಬೆಳಗಾಗುವಷ್ಟರಲ್ಲಿ ಮಾತು ಬದಲಿಸಿದರೆ ಕ್ಯಾಮೆರಾನ ಬೈದು ಏನು ಬಂತು?

ಆಮೇಲೆ ಗಾಳಿ. ಅಲ್ಲಿಯವರೆಗೆ ಎಲೆ ಅಲುಗಿರಲಿಲ್ಲ. ನನ್ನ ಬೆರಳು ಬಟನ್ ಮುಟ್ಟಿದ್ದೇ ತಡ, ಶುರು. ಶಟರ್ ಸ್ಪೀಡನ್ನು 1/1000 ಸೆಕೆಂಡಿಗೆ ಏರಿಸಿದೆ. ಹೂವು ನಿಂತಿತು, ಫೋಕಸ್ ಮಾತ್ರ ಹಿಂದಿನ ಹುಲ್ಲಿನ ಮೇಲೆ. ಅಷ್ಟು ಹತ್ತಿರದಿಂದ ತೆಗೆದರೆ ಸ್ಪಷ್ಟವಾಗಿ ಬರುವುದು ಕೆಲವೇ ಮಿಲಿಮೀಟರ್ ಜಾಗ. ನಾನು ಉಸಿರಾಡಿದರೂ ಹೂವು ಮಸುಕು.

ಕೊನೆಗೆ ಮಂಡಿ, ಮೊಣಕೈ ಎರಡನ್ನೂ ನೆಲಕ್ಕೆ ಊರಿದೆ. ಬೆನ್ನಿನ ಕೆಳಗಿನ ಭಾಗ ಆಕಾಶ ನೋಡುತ್ತಿತ್ತು. ಉಸಿರು ಹಿಡಿದಿದ್ದೇನೆ, ಹಿಂದಿನಿಂದ ದನಿ ಬಂತು.

"ಏನ್ ಸರ್, ಏನಾದ್ರೂ ಬೀಳಿಸ್ಕೊಂಡ್ರಾ?"

ಉಸಿರು ಬಿಡುವ ಹಾಗಿಲ್ಲ, ಸುಮ್ನೆ ಇದ್ದೆ. ಒಳ್ಳೆಯ ಮನುಷ್ಯ, ತಾವೂ ಹುಲ್ಲು ಸರಿಸಿ ಹುಡುಕತೊಡಗಿದರು.

"ಉಂಗುರಾನಾ ಸರ್?"

"ಅಲ್ಲ, ಹೂವು."

"ಹೂವಾ? ಎಲ್ಲಿ?" ಎನ್ನುತ್ತಾ ಒಂದು ಹೆಜ್ಜೆ ಮುಂದಿಟ್ಟರು. ಸರಿಯಾಗಿ ಅಲ್ಲೇ. ಗಾಬರಿಗೆ ನನ್ನ ಬೆರಳು ಬಟನ್ ಒತ್ತಿಬಿಟ್ಟಿತು.

"ಅಯ್ಯೋ, ಇದಾ? ಇಂಥದ್ದು ಬೇಕಾದಷ್ಟಿದೆ ಬಿಡಿ ಸರ್" ಎಂದು ಸಮಾಧಾನ ಹೇಳಿ ಹೊರಟರು.

ಮನೆಗೆ ಬಂದು, ಪ್ಯಾಂಟಿಗೆ ಅಂಟಿದ ಹುಲ್ಲಿನ ಬೀಜ ಕೀಳುತ್ತಾ ಕೂತೆ. ಹೆಂಡತಿ 143 ಫೋಟೋಗಳನ್ನೂ ನೋಡಿದಳು.

"ನೇರಳೆ ಹೂವು ಅಂದ್ರಿ, ಇದ್ರಲ್ಲಿ ಯಾವುದು?"

ಬಣ್ಣ ಇದ್ದ ಹಾಗೇ ಬಂದದ್ದು, ಫೋಕಸ್ಸೂ ಸರಿಯಾಗಿದ್ದದ್ದು ಕೊನೆಯದೊಂದೇ. ಕಡುಕಂದು ಬೂಟು. ಹೊಲಿಗೆ ಕೂಡ ಎಣಿಸಬಹುದು.