ಟ್ಯಾಕಲ್ ಆದಮೇಲಿನ ಆ ಒಂದು ಸೆಕೆಂಡು

ದೊಡ್ಡ ಆಟಗಾರನೇ ದೊಡ್ಡ ಕೋಚ್ ಆಗೋದು ಅನ್ನೋ ಮಾತನ್ನು ಆಸ್ಟ್ರೇಲಿಯಾದ ರಗ್ಬಿ ಲೀಗ್ ಆಟದಲ್ಲಿ ಸುಳ್ಳು ಮಾಡಿದವರು ಕ್ರೇಗ್ ಬೆಲ್ಲಮಿ. 1982ರಿಂದ 1992ರವರೆಗೆ ಕ್ಯಾನ್‌ಬೆರಾ ರೈಡರ್ಸ್‌ಗೆ ಆಡಿದರು. ಮಾಲ್ ಮೆನಿಂಗಾ, ರಿಕಿ ಸ್ಟುವರ್ಟ್ ಮಿಂಚುತ್ತಿದ್ದ ತಂಡ ಅದು. ಬೆಲ್ಲಮಿ ಎಲ್ಲಿ ಜಾಗ ಖಾಲಿಯೋ ಅಲ್ಲಿ ನಿಂತು ಮೈಮುರಿದು ಆಡಿದವರು. ಆಮೇಲೆ ಬ್ರಿಸ್ಬೇನ್ ಬ್ರಾಂಕೋಸ್‌ನಲ್ಲಿ ಕೋಚ್ ವೇಯ್ನ್ ಬೆನೆಟ್ ಕೈಕೆಳಗೆ ಪಳಗಿ, 2003ರಲ್ಲಿ ಮೆಲ್ಬರ್ನ್ ಸ್ಟಾರ್ಮ್‌ನ ಮುಖ್ಯ ಕೋಚ್ ಆದರು.

ಅವರ ಕಸುಬು ಕಾಣೋದು ಟ್ಯಾಕಲ್‌ನಲ್ಲಿ, ಅಂದರೆ ಚೆಂಡು ಹಿಡಿದು ಓಡುವವನನ್ನು ಹಿಡಿದು ಕೆಡವೋದರಲ್ಲಿ. ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್, ಅಷ್ಟಾಗುವವರೆಗೆ ಚೆಂಡು ಅವರದೇ. ಪ್ರತಿ ಸಲ ಬಿದ್ದವನು ಎದ್ದು, ಚೆಂಡನ್ನು ನೆಲಕ್ಕಿಟ್ಟು ಕಾಲಿಂದ ಹಿಂದಕ್ಕೆ ಉರುಳಿಸಬೇಕು. ಅಷ್ಟರೊಳಗೆ ಡಿಫೆನ್ಸ್ 10 ಮೀಟರ್ ಹಿಂದಕ್ಕೋಡಿ ಸಾಲು ಕಟ್ಟಬೇಕು. ಅವನು ಬೇಗ ಎದ್ದರೆ ಸಾಲು ಮುರಿದಂತೆಯೇ. ಹಾಗಾಗಿ ಸ್ಟಾರ್ಮ್‌ನ ಮೊದಲಿಬ್ಬರು ಎದೆಮಟ್ಟದಲ್ಲಿ ಚೆಂಡನ್ನೂ ಸೇರಿಸಿ ಬಿಗಿಯುತ್ತಾರೆ, ಪಾಸ್ ಹೊರಬೀಳದ ಹಾಗೆ. ಮೂರನೆಯವನು ಕಾಲಿಗೆ ಬೀಳುತ್ತಾನೆ. ಗುರಿ ಎದುರಾಳಿಯನ್ನು ಅಂಗಾತ ಕೆಡವೋದು: ಬೆನ್ನ ಮೇಲೆ ಬಿದ್ದವನು ಮೊದಲು ಮಗ್ಗುಲಾಗಬೇಕು, ಆಮೇಲೆ ಏಳಬೇಕು. ಇದರಿಂದ ಡಿಫೆನ್ಸ್‌ಗೆ ಸಿಗೋದು ಒಂದೇ ಸೆಕೆಂಡು. ಅಷ್ಟು ಸಾಕು, ಹತ್ತು ಮೀಟರ್ ಹಿಂದೆ ಸಾಲು ಸಿದ್ಧ. (ಕಬಡ್ಡಿಯಲ್ಲಿ ಆಂಕಲ್ ಹೋಲ್ಡ್ ನೋಡಿದವರಿಗೆ ಆ ಮೂರನೆಯವನ ಬೆಲೆ ಹೇಳಬೇಕಿಲ್ಲ.)

ಇದು ಎಡವೋದೂ ಇಲ್ಲೇ. ಒಂದು ಚೂರು ಹೆಚ್ಚು ಹೊತ್ತು ಮೇಲೆ ಬಿದ್ದಿದ್ದರೆ ಶಿಕ್ಷೆ. ತೋಳು ಎದೆಯಿಂದ ಜಾರಿ ಕುತ್ತಿಗೆಗೆ ಹೋದರೆ ಇನ್ನೂ ಅಪಾಯ, ಅದನ್ನು ಸಮರ್ಥಿಸಲು ಸಾಧ್ಯವೇ ಇಲ್ಲ. 2008ರಲ್ಲಿ ಅಂಥದ್ದೇ ಟ್ಯಾಕಲ್‌ಗೆ ಕ್ಯಾಪ್ಟನ್ ಕ್ಯಾಮರೂನ್ ಸ್ಮಿತ್ ಅಮಾನತಾದರು. ಅವರಿಲ್ಲದ ಫೈನಲ್‌ನಲ್ಲಿ ಮ್ಯಾನ್ಲಿ ಎದುರು 40-0 ಸೋಲು.

2020ರಲ್ಲಿ ಟೂರ್ನಿ ನಡೆಸುವ ಎನ್‌ಆರ್‌ಎಲ್ ನಿಯಮ ಬದಲಿಸಿತು. ಬಿದ್ದವನನ್ನು ತಡೆದಿಟ್ಟರೆ ಪೆನಾಲ್ಟಿಗೆಂದು ಆಟ ನಿಲ್ಲಿಸದೆ, ಎದುರಾಳಿಗೆ ಮತ್ತೆ ಆರು ಟ್ಯಾಕಲ್ ಕೊಡತೊಡಗಿದರು. ಬೆಲ್ಲಮಿ ಪಟ್ಟು ಇನ್ನು ನಡೆಯಲ್ಲ ಅಂದವರು ಬಹಳ. ಅದೇ ವರ್ಷ ಸ್ಟಾರ್ಮ್ ಫೈನಲ್‌ನಲ್ಲಿ ಪೆನ್ರಿತ್ ತಂಡವನ್ನು 26-20ರಿಂದ ಸೋಲಿಸಿತು. ತಡೆದಿಡೋದಷ್ಟೇ ಇವರ ವಿದ್ಯೆ ಆಗಿದ್ದರೆ ಇದು ಆಗುತ್ತಿರಲಿಲ್ಲ. ಟ್ಯಾಕಲ್ ಮುಗಿದ ತಕ್ಷಣ ಎದ್ದು ತನ್ನ ಜಾಗಕ್ಕೆ ಓಡೋ ಅಭ್ಯಾಸವೇ ನಿಜವಾದ ಬಂಡವಾಳ.

ಸ್ಯಾಲರಿ ಕ್ಯಾಪ್ (ಆಟಗಾರರ ಒಟ್ಟು ಸಂಬಳದ ಮಿತಿ) ಮೀರಿದ್ದಕ್ಕೆ ಸ್ಟಾರ್ಮ್‌ನ 2007, 2009ರ ಪ್ರಶಸ್ತಿಗಳನ್ನು 2010ರಲ್ಲಿ ಕಿತ್ತುಕೊಂಡರು. ಅದು ಸರಿಯಾದ ಶಿಕ್ಷೆಯೇ. ಆ ಸೀಸನ್‌ನಲ್ಲಿ ಉಳಿದ ಪಂದ್ಯಗಳನ್ನು ಗೆದ್ದರೂ ಒಂದು ಪಾಯಿಂಟೂ ಇರಲಿಲ್ಲ. ಅಂಥ ಪಂದ್ಯಗಳಲ್ಲೂ ಆಟಗಾರರನ್ನು ವಾರವಾರ ಮೈದಾನಕ್ಕಿಳಿಸಿ, 2012ರ ಫೈನಲ್‌ನಲ್ಲಿ ಕ್ಯಾಂಟರ್‌ಬರಿಯನ್ನು 14-4ರಿಂದ ಮಣಿಸಿದ್ದೇ ನನ್ನ ಲೆಕ್ಕದಲ್ಲಿ ಬೆಲ್ಲಮಿಯ ಅತಿ ದೊಡ್ಡ ಕೆಲಸ.